ಎಲ್ಲರೂ ‘ರಕ್ತ ಚೆನ್ನಾಗಿದೆ’ ಎಂದರು: ಪಾಲಿಸೈಥೀಮಿಯಾ ಇರುವ ಒಬ್ಬ ಅಕ್ಕನ ಹದಿನೆಂಟು ತಿಂಗಳ ರಕ್ತವರದಿಗಳು

ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ಸಣ್ಣ ರಕ್ತ ಪರೀಕ್ಷಾ ಲ್ಯಾಬ್‌ನಲ್ಲಿ ಟೆಕ್ನಿಷಿಯನ್ ಆಗಿದ್ದೇನೆ. ಚಿಕಿತ್ಸೆ ಹೇಳುವುದು ನನ್ನ ಕೆಲಸವಲ್ಲ. ಆದರೆ ಪಾಲಿಸೈಥೀಮಿಯಾ, ಅಂದರೆ ಮೂಳೆಮಜ್ಜೆ ಅಳತೆ ಮೀರಿ ರಕ್ತಕಣ ಹುಟ್ಟಿಸುವ ಕಾಯಿಲೆ, ಇರುವ ಒಬ್ಬ ರೋಗಿಯ ಒಂದೂವರೆ ವರ್ಷದ ಅಷ್ಟೂ ವರದಿಗಳು ನನ್ನ ಕಣ್ಣ ಮುಂದೆ ಹಾದುಹೋದವು. ಅವುಗಳಲ್ಲಿ ಎಷ್ಟನ್ನು ಸರಿಯಾಗಿ ಓದಿದೆವು, ಎಷ್ಟನ್ನು ತಪ್ಪಾಗಿ ಓದಿದೆವು ಎಂಬುದನ್ನು ಇಲ್ಲಿ ಬರೆದಿದ್ದೇನೆ. ರೋಗಿಯ ಮತ್ತು ಅವರ ಮಗನ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಅವರನ್ನು ನಾನು ಕರೆಯುವುದು ಅಕ್ಕ ಎಂದು, ಇಲ್ಲೂ ಹಾಗೆಯೇ ಇರಲಿ.

ಹಿನ್ನೆಲೆ

ಅಕ್ಕನಿಗೆ ಅರವತ್ತು ದಾಟಿದೆ. ಮೂವತ್ತು ವರ್ಷದಿಂದ ರೇಷ್ಮೆ ರೀಲಿಂಗ್ ಕೆಲಸ. ಗೂಡು ಬೇಯುವ ಬಿಸಿನೀರಿನ ಬೇಸಿನ್ನಿಗೆ ಬೆಳಗಿನಿಂದ ಸಂಜೆವರೆಗೆ ಕೈ ಅದ್ದಿ, ಎಳೆ ಹುಡುಕಿ, ಚರಕಕ್ಕೆ ಏರಿಸಬೇಕು. ಪಕ್ಕದಲ್ಲೇ ಸೌದೆ ಒಲೆಯ ಹೊಗೆ. ಎರಡು ವರ್ಷದಿಂದ ಮೈ ಕೆರೆತ ಇತ್ತು, ಸ್ನಾನ ಮಾಡಿ ಬಂದ ಮೇಲೆ ಇನ್ನೂ ಹೆಚ್ಚು. ಚರ್ಮದ ಮೇಲೆ ಗುಳ್ಳೆಯೂ ಇಲ್ಲ, ದದ್ದೂ ಇಲ್ಲ. ‘ಗೂಡಿನ ನೀರು ಆಗಿಬರಲ್ಲ’ ಎಂದು ಎಲ್ಲರೂ ತೀರ್ಮಾನಿಸಿದ್ದರು. ಮುಲಾಮು, ಬೇವಿನ ಸೊಪ್ಪಿನ ನೀರು, ಅಲರ್ಜಿ ಮಾತ್ರೆ ಎಲ್ಲ ಆಗಿತ್ತು. ತಲೆಭಾರ, ಕಿವಿಯಲ್ಲಿ ಗುಂಯ್ ಎನ್ನುವ ಸದ್ದು, ರಾತ್ರಿ ಹೊತ್ತು ಅಂಗಾಲು ಉರಿ. ಇವನ್ನೆಲ್ಲ ವಯಸ್ಸಿನ ಲೆಕ್ಕಕ್ಕೆ ಹಾಕಿದ್ದರು.

ಕಣ್ಣಿನ ಪೊರೆ ಆಪರೇಷನ್‌ಗೆ ಮುಂಚೆ ಮಾಡಿಸಿದ ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆಯ ಪರೀಕ್ಷೆ, ನನ್ನ ಕೈಗೆ ಬಂತು. ಹಿಮೋಗ್ಲೋಬಿನ್ 18.4. ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, ಶೇ. 57. ಬಿಳಿ ರಕ್ತಕಣ 13,800. ಪ್ಲೇಟ್‌ಲೆಟ್ 6.9 ಲಕ್ಷ.

ನಮ್ಮ ಭಾಗದಲ್ಲಿ ಹೆಂಗಸರ ಹಿಮೋಗ್ಲೋಬಿನ್ ಎಂಟು, ಒಂಬತ್ತು, ಹತ್ತು ಬರುವುದೇ ಮಾಮೂಲು. ಅಂಗನವಾಡಿಯಿಂದ ಆಸ್ಪತ್ರೆಯವರೆಗೆ ‘ರಕ್ತ ಕಮ್ಮಿ’ ಎಂಬ ಮಾತನ್ನೇ ಕೇಳುತ್ತೇವೆ. ಹೀಗಿರುವಾಗ 18 ಎಂದರೆ ಸಂಭ್ರಮ. ‘ನೋಡಿ, ದುಡಿಯೋ ಮೈ, ರಕ್ತ ಎಷ್ಟು ಚೆನ್ನಾಗಿದೆ’ ಎಂದು ಕೌಂಟರ್‌ನಲ್ಲಿದ್ದ ಹುಡುಗಿಯೇ ಹೇಳಿದಳು. ಅಕ್ಕ ಖುಷಿಯಿಂದ ನಕ್ಕರು.

ನನಗೆ ಮೊದಲು ಬಂದದ್ದು ಮಾದರಿಯ ಮೇಲಿನ ಅನುಮಾನ. ಹೊಸದಾಗಿ ರಕ್ತ ತೆಗೆದು ಮತ್ತೊಮ್ಮೆ ಯಂತ್ರಕ್ಕೆ ಹಾಕಿದೆ. ಅದೇ ಅಂಕಿ ಬಂತು. ಒಲೆ ಹೊಗೆಗೋ ಬೀಡಿಗೋ ಹಿಮೋಗ್ಲೋಬಿನ್ ಸ್ವಲ್ಪ ಏರುವುದುಂಟು. ಆಗ ಏರುವುದು ಸಾಮಾನ್ಯವಾಗಿ ಕೆಂಪು ಕಣ ಒಂದೇ. ಇಲ್ಲಿ ಕೆಂಪು, ಬಿಳಿ, ಪ್ಲೇಟ್‌ಲೆಟ್ ಮೂರೂ ಒಟ್ಟಿಗೆ ಏರಿದ್ದವು, ಅಂದರೆ ಕಣ ಹುಟ್ಟುವ ಮೂಳೆಮಜ್ಜೆಯ ಕಡೆಯೇ ನೋಡಬೇಕು. ವರದಿಯನ್ನು ಅಕ್ಕನ ಕೈಗೆ ಮಾತ್ರ ಕೊಟ್ಟು ಸುಮ್ಮನಾಗದೆ, ಕಳಿಸಿದ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಕಣ್ಣಿನ ಆಪರೇಷನ್ ಮುಂದೂಡಿ ಬೆಂಗಳೂರಿನ ರಕ್ತರೋಗ ತಜ್ಞರ ಹತ್ತಿರ ಕಳಿಸಿದರು.

ಅಲ್ಲಿ ಆಮ್ಲಜನಕದ ಪ್ರಮಾಣ ಸರಿಯಾಗಿತ್ತು, ಹಾಗಾಗಿ ಹೊಗೆಯ ಕಡೆಗಿನ ಅನುಮಾನ ಕಡಿಮೆಯಾಯಿತು. ಕೆಂಪು ಕಣ ತಯಾರಿಸಲು ಹೇಳುವ ಎರಿತ್ರೋಪೊಯೆಟಿನ್ ಹಾರ್ಮೋನು ತೀರಾ ಕಡಿಮೆ ಇತ್ತು. ಅಂದರೆ ಮಜ್ಜೆ ಯಾರ ಮಾತನ್ನೂ ಕೇಳದೆ ತಾನೇ ಕಣ ಹುಟ್ಟಿಸುತ್ತಿದೆ. ಜ್ಯಾಕ್2 ಎಂಬ ಜೀನಿನ ಬದಲಾವಣೆ ಸಿಕ್ಕಿತು. 2005ರಲ್ಲಿ ಪತ್ತೆಯಾದ ಈ ಬದಲಾವಣೆ, ಪಾಲಿಸೈಥೀಮಿಯಾ ವೆರಾ ಇರುವ ನೂರರಲ್ಲಿ ಸುಮಾರು 95 ಜನರಲ್ಲಿ ಕಾಣುತ್ತದೆ. ಹೆಣ್ಣಿನಲ್ಲಿ ಹಿಮೋಗ್ಲೋಬಿನ್ 16 ದಾಟಿದರೆ ಅಥವಾ ಪಿಸಿವಿ 48 ದಾಟಿದರೆ ಈ ಕಾಯಿಲೆಯನ್ನು ನೆನೆಯಬೇಕು ಎಂದು 2016ರ ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡ ಹೇಳುತ್ತದೆ. ಸ್ನಾನದ ನಂತರದ ಕೆರೆತ, ಅಂಗಾಲು ಉರಿ ಇದೇ ಕಾಯಿಲೆಯ ಗುರುತುಗಳು. ಪಾಪ, ಬೇಸಿನ್ ನೀರಿನ ಮೇಲೆ ಎರಡು ವರ್ಷ ಸುಮ್ಮನೆ ಅಪವಾದ ಹೊರಿಸಿದ್ದಾಯಿತು.

ಪಿಸಿವಿ 45

ಚಿಕಿತ್ಸೆ ಮೂರು ಭಾಗವಾಗಿತ್ತು. ದಿನಕ್ಕೊಂದು 75 ಮಿ.ಗ್ರಾಂ ಆಸ್ಪಿರಿನ್. ಪಿಸಿವಿ ಇಳಿಯುವ ತನಕ ಆಗಾಗ 350 ಮಿ.ಲೀ. ರಕ್ತ ಹೊರತೆಗೆಯುವುದು. ವಯಸ್ಸು ಅರವತ್ತು ದಾಟಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚಿರುವುದರಿಂದ, ಮಜ್ಜೆಯನ್ನು ನಿಧಾನಿಸುವ ಹೈಡ್ರಾಕ್ಸಿಯೂರಿಯಾ 500 ಮಿ.ಗ್ರಾಂ ಕ್ಯಾಪ್ಸೂಲ್ ದಿನಕ್ಕೆ ಎರಡು.

ರಕ್ತ ತೆಗೆಯುವ ಮಾತು ಮನೆಯವರಿಗೆ ನುಂಗಲಾರದ ತುತ್ತಾಯಿತು. ‘ಒಂದು ತೊಟ್ಟು ರಕ್ತ ಆಗ್ಬೇಕಾದ್ರೆ ಎಷ್ಟು ಮುದ್ದೆ ತಿನ್ಬೇಕಣ್ಣ, ಇವ್ರು ಚೀಲಕ್ಕೆ ತುಂಬ್ಕೊಂಡು ಚೆಲ್ತಾರಂತೆ’ ಎಂದು ಮಗ ನನ್ನ ಹತ್ತಿರ ಬಂದು ಕೂತ. ಆ ರಕ್ತವನ್ನು ಬೇರೆಯವರಿಗೆ ಕೊಡುವ ಹಾಗೂ ಇಲ್ಲ, ಅದು ಅವನಿಗೆ ಇನ್ನೂ ಬೇಸರ.

ನಾನು ಹೇಳಿದ್ದು ಅಂಬಲಿಯ ಲೆಕ್ಕ. ರಾಗಿ ಅಂಬಲಿಯನ್ನು ಗಾಜಿನ ಲೋಟದಲ್ಲಿ ಅಲುಗಾಡಿಸದೆ ಇಟ್ಟರೆ ಹಿಟ್ಟು ಕೆಳಗೆ ನಿಲ್ಲುತ್ತದೆ, ತಿಳಿ ಮೇಲೆ ನಿಲ್ಲುತ್ತದೆ. ರಕ್ತವೂ ಹಾಗೆಯೇ. ಕೆಳಗೆ ಕೂರುವ ಕೆಂಪು ಕಣಗಳ ಪಾಲು ನೂರಕ್ಕೆ ಎಷ್ಟು ಎಂಬುದೇ ಪಿಸಿವಿ. ಹೆಣ್ಣುಮಕ್ಕಳಲ್ಲಿ ಸಾಧಾರಣವಾಗಿ ನಲವತ್ತರ ಆಸುಪಾಸು. ಅಕ್ಕನ ಲೋಟದಲ್ಲಿ ಹಿಟ್ಟೇ 57. ಅಷ್ಟು ಗಟ್ಟಿಯಾದದ್ದು ಸಣ್ಣ ನಾಳದಲ್ಲಿ ಸಲೀಸಾಗಿ ಹರಿಯುವುದಿಲ್ಲ, ಮಿದುಳಿನಲ್ಲೋ ಹೃದಯದಲ್ಲೋ ಕಟ್ಟಿಕೊಂಡರೆ ಮುಗಿಯಿತು. ಒಂದು ಲೋಟ ಅಂಬಲಿ ತಂದು ಮೇಜಿನ ಮೇಲೆ ಇಟ್ಟೇ ತೋರಿಸಿದೆ. ಮಗ ಸುಮಾರು ಹೊತ್ತು ಅದನ್ನೇ ನೋಡುತ್ತಿದ್ದ. ಮುಂದಿನ ವಾರ ತಾಯಿಯನ್ನು ಅವನೇ ಬ್ಲಡ್ ಬ್ಯಾಂಕಿಗೆ ಕರೆದುಕೊಂಡು ಹೋದ.

ಗುರಿ ಪಿಸಿವಿ 45ಕ್ಕಿಂತ ಕೆಳಗೆ. ಇದು ಯಾರೋ ಅಂದಾಜಿಗೆ ಹಾಕಿದ ಗೆರೆಯಲ್ಲ. ಇಟಲಿಯಲ್ಲಿ 365 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ಗುಂಪನ್ನು 45ರ ಕೆಳಗೆ, ಇನ್ನೊಂದನ್ನು 45ರಿಂದ 50ರ ನಡುವೆ ಇರಿಸಿದ್ದರು. ಹೃದಯ ಮತ್ತು ರಕ್ತನಾಳದ ಕಾರಣಕ್ಕೆ ಸತ್ತವರು ಹಾಗೂ ದೊಡ್ಡ ಹೆಪ್ಪು ಆದವರು ಮೊದಲ ಗುಂಪಿನಲ್ಲಿ ಶೇ. 2.7, ಎರಡನೆಯದರಲ್ಲಿ ಶೇ. 9.8. ಲ್ಯಾಬ್ ವರದಿಯಲ್ಲಿ 46 ಎಂಬ ಅಂಕಿಯ ಪಕ್ಕ ಯಾವ ಗುರುತೂ ಬರದೆ ಇರಬಹುದು, ಅದನ್ನು ಯಂತ್ರ ಸಹಜ ಎಂದೇ ಎಣಿಸಬಹುದು. ಅಕ್ಕನಿಗೆ ಮಾತ್ರ ಅದು ಹೆಚ್ಚೇ.

ತಪ್ಪಿದ ತಿರುವು

ಮೂರು ತಿಂಗಳಲ್ಲಿ ಆರು ಸಲ ರಕ್ತ ತೆಗೆದರು. ಪಿಸಿವಿ 43.5ಕ್ಕೆ ಬಂತು, ಹಿಮೋಗ್ಲೋಬಿನ್ 13.4. ಗುರಿ ಮುಟ್ಟಿದಂತೆಯೇ. ಆದರೆ ಅದೇ ಹಾಳೆಯಲ್ಲಿ ಎಂಸಿವಿ, ಅಂದರೆ ಕೆಂಪು ಕಣದ ಸರಾಸರಿ ಗಾತ್ರ, 80ರಿಂದ 68ಕ್ಕೆ ಕುಸಿದಿತ್ತು. ಅದರ ಕೆಳಗಿನ ಎರಡು ಸಾಲುಗಳ ಪಕ್ಕವೂ ‘ಎಲ್’ ಎಂಬ ದಪ್ಪಕ್ಷರದ ಗುರುತು, ಕಡಿಮೆ ಎಂದು. ಪ್ಲೇಟ್‌ಲೆಟ್ 9.8 ಲಕ್ಷಕ್ಕೆ ಏರಿತ್ತು.

ಎಂಸಿವಿ ಕುಸಿದದ್ದಕ್ಕೆ ಕಾರಣ ಕಬ್ಬಿಣ. ಅಷ್ಟು ಗಟ್ಟಿ ರಕ್ತವನ್ನು 350 ಮಿ.ಲೀ. ತೆಗೆದರೆ ಸುಮಾರು 200 ಮಿ.ಗ್ರಾಂ ಕಬ್ಬಿಣ ಜೊತೆಗೆ ಹೋಗುತ್ತದೆ. ಕಬ್ಬಿಣ ಸಾಲದೆ ಮಜ್ಜೆ ಸಣ್ಣ ಸಣ್ಣ ಕಣ ಮಾಡುತ್ತದೆ. ಈ ಕಾಯಿಲೆಯಲ್ಲಿ ಅದು ಚಿಕಿತ್ಸೆಯ ಭಾಗವೇ, ಕಬ್ಬಿಣದ ಕೊರತೆಯೇ ಮಜ್ಜೆಗೆ ಹಾಕಿದ ಲಗಾಮು.

ಆದರೆ ಹೈಡ್ರಾಕ್ಸಿಯೂರಿಯಾ ಮೈಗೆ ಹತ್ತಿದರೆ ನಡೆಯುವುದು ಇದರ ವಿರುದ್ಧ. ಕಣಗಳು ದೊಡ್ಡದಾಗುತ್ತವೆ, ಎಂಸಿವಿ ಏರುತ್ತದೆ, ಬಿಳಿ ಕಣ ಮತ್ತು ಪ್ಲೇಟ್‌ಲೆಟ್ ಇಳಿಯುತ್ತವೆ. ದಿನಕ್ಕೆರಡು ಕ್ಯಾಪ್ಸೂಲ್ ಮೂರು ತಿಂಗಳು ನುಂಗಿದ ರಕ್ತ ಹೀಗೆ ಕಾಣುವುದು ಕಷ್ಟ. ಆ ಹಾಳೆ ಮುದ್ರಿಸುವಾಗ ನನಗೆ ಈ ಯೋಚನೆ ಬಂದು ಹೋಯಿತು. ಕಬ್ಬಿಣ ಕೊರತೆಯಲ್ಲೂ ಪ್ಲೇಟ್‌ಲೆಟ್ ಏರುತ್ತದಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಹಾಳೆ ಮಡಚಿ ಕೊಟ್ಟೆ. ಒಂದು ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಈ ಪ್ರಕರಣದಲ್ಲಿ ನನ್ನನ್ನು ಈಗಲೂ ಕಾಡುವುದು ಆ ದಿನ.

ಅಕ್ಕನಿಗೆ ಆಗ ಸುಸ್ತು. ಬೆಂಗಳೂರಿಗೆ ಹೋಗಲು ಇನ್ನೂ ಮೂರು ವಾರ ಇತ್ತು. ಹತ್ತಿರದ ಒಂದು ಕ್ಲಿನಿಕ್‌ಗೆ ವರದಿ ಹಿಡಿದು ಹೋದರು. ಸಾಲಾಗಿ ‘ಎಲ್’ ಇರುವ ಹಾಳೆ, ಸುಸ್ತಾದ ಹೆಂಗಸು. ದಿನಾ ಹತ್ತು ಜನರಿಗೆ ಬರೆಯುವ ಹಾಗೆಯೇ ಕಬ್ಬಿಣದ ಮಾತ್ರೆ, ಟಾನಿಕ್ ಬರೆದರು. ಕಾಯಿಲೆಯ ಹೆಸರಿದ್ದ ಬೆಂಗಳೂರಿನ ಚೀಟಿ ಮನೆಯ ಬೀರುವಿನಲ್ಲಿತ್ತು. ಬರೆದವರನ್ನು ದೂರುವುದು ಸುಲಭ, ಆದರೆ ಅವರ ಮುಂದಿದ್ದ ಹಾಳೆಯಲ್ಲಿ ಪಾಲಿಸೈಥೀಮಿಯಾ ಎಂಬ ಪದವೇ ಇರಲಿಲ್ಲ. ನಾವು ಮುದ್ರಿಸಿದ ಹಾಳೆ ಅದು.

ಮಾತ್ರೆ ಶುರುವಾದ ಮೇಲೆ ಅಕ್ಕನಿಗೆ ಮೊದಲು ಹುಷಾರೆನಿಸಿತಂತೆ. ಮಳೆ ಬಂದು ಬಸ್ ಸಿಗದೆ ಬೆಂಗಳೂರಿನ ಆ ದಿನಾಂಕವೂ ತಪ್ಪಿತು. ಐದನೇ ವಾರ, ಬೆಳಿಗ್ಗೆ ಗೂಡು ಆರಿಸುತ್ತಿದ್ದಾಗ ಎಡಗಣ್ಣಿನ ಮುಂದೆ ಮೇಲಿನಿಂದ ಕೆಳಕ್ಕೆ ಪರದೆ ಎಳೆದಂತಾಯಿತು. ಕೈಯಲ್ಲಿದ್ದ ಬಿಳಿ ಗೂಡು ಅರ್ಧ ಮಾತ್ರ ಕಂಡಿತು ಎಂದು ಅವರು ಈಗಲೂ ಹೇಳುತ್ತಾರೆ. ನಾಲ್ಕೈದು ನಿಮಿಷದಲ್ಲಿ ಸರಿಹೋಯಿತು. ‘ಸರಿಹೋಯ್ತಲ್ಲ’ ಎಂದು ಕೆಲಸ ಮುಂದುವರಿಸಿದ್ದರು. ಮಧ್ಯಾಹ್ನ ಊಟಕ್ಕೆ ಕೂತಾಗ ಮಗನಿಗೆ ಹೇಳಿದರು. ಅವನು ಅಂಬಲಿಯ ಲೋಟ ಮರೆತಿರಲಿಲ್ಲ. ತಟ್ಟೆ ಬಿಟ್ಟು ಎದ್ದು ಕಾರು ಮಾಡಿಸಿ ನೇರ ಬೆಂಗಳೂರಿಗೆ ಹೊರಟ. ಹೀಗೆ ಬಂದು ಹೋಗುವ ಕತ್ತಲೆ ದೊಡ್ಡ ಪಾರ್ಶ್ವವಾಯುವಿನ ಮುನ್ಸೂಚನೆ ಆಗಿರಬಹುದು. ಸರಿಹೋಗಿದೆ ಎಂದು ಕಾಯುವ ಹಾಗಿಲ್ಲ.

ಅಲ್ಲಿಯ ರಕ್ತ ಪರೀಕ್ಷೆಯಲ್ಲಿ ಪಿಸಿವಿ 53, ಹಿಮೋಗ್ಲೋಬಿನ್ 16.6. ಲಗಾಮು ಬಿಚ್ಚಿದ ಮಜ್ಜೆ ಐದೇ ವಾರದಲ್ಲಿ ಅಲ್ಲಿಗೆ ಓಡಿತ್ತು. ತಲೆಯ ಸ್ಕ್ಯಾನ್‌ನಲ್ಲಿ ಹಾನಿ ಕಾಣಲಿಲ್ಲ. ಕಬ್ಬಿಣ ನಿಲ್ಲಿಸಿ, ಎರಡು ಸಲ ರಕ್ತ ತೆಗೆದರು.

ಒಂದು ಪ್ರಶ್ನೆ

ಅಲ್ಲಿಯ ತಜ್ಞರು ಹಳೆಯ ವರದಿಗಳನ್ನೆಲ್ಲ ಮಂಚದ ಮೇಲೆ ಸಾಲಾಗಿ ಹರಡಿಸಿದರಂತೆ. ಎಂಸಿವಿ ಸಾಲಿನ ಮೇಲೆ ಪೆನ್ನು ಎಳೆದು, ‘ಕ್ಯಾಪ್ಸೂಲ್ ತಗೊಳ್ತಿದ್ದೀರಾ’ ಎಂದು ಕೇಳಲಿಲ್ಲ. ‘ಮನೇಲಿ ಕ್ಯಾಪ್ಸೂಲ್ ಎಷ್ಟು ಉಳಿದಿವೆ ಅಮ್ಮ?’ ಎಂದು ಕೇಳಿದರು. ಅಕ್ಕ ಮಗನ ಮುಖ ನೋಡಿದರು. ಮಗ ತಲೆ ತಗ್ಗಿಸಿದ. ಅಷ್ಟೂ ಉಳಿದಿದ್ದವು.

ಮೊದಲ ಸಲ ಕೊಂಡಾಗಲೇ ಯಾರೋ ‘ಇದು ಕ್ಯಾನ್ಸರ್‌ಗೆ ಕೊಡೋ ಮಾತ್ರೆ’ ಎಂದಿದ್ದರು. ಇವರ ನೆಂಟರೊಬ್ಬರು ಕೀಮೋ ನಡೆಯುತ್ತಿರುವಾಗಲೇ ತೀರಿಕೊಂಡಿದ್ದರು. ರಕ್ತ ತೆಗೆಸಿದರೆ ಸಾಕು, ಅದೊಂದು ಬೇಡ ಎಂದು ಅಮ್ಮ ಮಗ ಇಬ್ಬರೂ ಸೇರಿ ತೀರ್ಮಾನಿಸಿದ್ದರು. ಡಾಕ್ಟರಿಗೆ ಹೇಳಲು ಭಯ.

ತಜ್ಞರು ಬೈಯಲಿಲ್ಲ, ಸುಳ್ಳು ಸಮಾಧಾನವನ್ನೂ ಹೇಳಲಿಲ್ಲ. ಇದು ನಿಧಾನವಾಗಿ ಬೆಳೆಯುವ ರಕ್ತದ ಕ್ಯಾನ್ಸರ್‌ಗಳ ಗುಂಪಿಗೇ ಸೇರುತ್ತದೆ, ಈ ಔಷಧವನ್ನು ಆ ಗುಂಪಿಗೂ ಕೊಡುತ್ತೇವೆ, ಸಿಕಲ್ ಸೆಲ್ ಕಾಯಿಲೆ ಇರುವ ಮಕ್ಕಳಿಗೂ ಕೊಡುತ್ತೇವೆ, ಸರಿಯಾಗಿ ನೋಡಿಕೊಂಡರೆ ಬಹಳ ಜನ ಹಲವು ವರ್ಷ ಬಾಳುತ್ತಾರೆ ಎಂದು ಬಿಡಿಸಿ ಹೇಳಿದರು. ಬಾಯಿಹುಣ್ಣು, ಕಾಲಿನ ಹುಣ್ಣು, ಚರ್ಮ ಕಪ್ಪಾಗುವುದು ಬರಬಹುದು ಎಂಬುದನ್ನೂ ಮುಚ್ಚಿಡಲಿಲ್ಲ. ಸೊಸೆ ಬಸುರಿ ಎಂದು ತಿಳಿದು, ಕ್ಯಾಪ್ಸೂಲನ್ನು ಅವಳು ಮುಟ್ಟಬಾರದು, ಯಾರೂ ಬಿಚ್ಚಿ ಪುಡಿ ಮಾಡಬಾರದು ಎಂದರು. ಭಯಕ್ಕೆ ಹೆಸರು ಕೊಟ್ಟ ಮೇಲೆ ಅದು ಅಷ್ಟು ದೊಡ್ಡದಾಗಿ ಕಾಣಲಿಲ್ಲ ಎಂದು ಮಗ ಆಮೇಲೆ ನನಗೆ ಹೇಳಿದ.

ಇಳಿಯುವ ಅಂಕಿಗಳ ಭಯ

ಅಲ್ಲಿಂದ ಬಂದ ಮೇಲೆ ನಾನೂ ಮಗನೂ ಸೇರಿ ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಗೆರೆ ಹೊಡೆದೆವು. ದಿನಾಂಕ, ಪಿಸಿವಿ, ಬಿಳಿ ಕಣ, ಅದರಲ್ಲಿ ನ್ಯೂಟ್ರೋಫಿಲ್, ಪ್ಲೇಟ್‌ಲೆಟ್, ಎಂಸಿವಿ, ರಕ್ತ ತೆಗೆದದ್ದು, ಉಳಿದ ಕ್ಯಾಪ್ಸೂಲ್. ಮೊದಲು ಎರಡು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಪರೀಕ್ಷೆ. ನಾಲ್ಕು ವಾರಕ್ಕೆ ಬಿಳಿ ಕಣ 9,200, ಪ್ಲೇಟ್‌ಲೆಟ್ 6.4 ಲಕ್ಷ. ಹತ್ತು ವಾರಕ್ಕೆ 5,900, 4.1 ಲಕ್ಷ, ಎಂಸಿವಿ 86. ಈ ಸಲ ಸಾಲುಗಳು ಒಂದಕ್ಕೊಂದು ಸಾಕ್ಷಿ ಹೇಳುತ್ತಿದ್ದವು.

ಆರನೇ ತಿಂಗಳು ಬಿಳಿ ಕಣ 3,600 ಬಂತು, ಪಕ್ಕದಲ್ಲಿ ದಪ್ಪನೆಯ ‘ಎಲ್’. ಸಂಜೆ ಮಗನ ಫೋನ್: ‘ಅಣ್ಣ, ಕ್ಯಾಪ್ಸೂಲ್ ನಿಲ್ಲಿಸ್ತೀನಿ.’ ನಾನು ಲೆಕ್ಕ ಮಾಡಿಸಿದೆ. ಬಿಳಿ ಕಣ ಒಂದೇ ಜಾತಿಯದಲ್ಲ. ಸೋಂಕಿನೆದುರು ಮೊದಲು ನಿಲ್ಲುವುದು ನ್ಯೂಟ್ರೋಫಿಲ್. ಅವು ನೂರಕ್ಕೆ 58 ಇದ್ದವು. 3,600ರ ಶೇ. 58 ಎಂದರೆ 2,088. ಕ್ಯಾಪ್ಸೂಲ್ ನಿಲ್ಲಿಸಿ ಫೋನ್ ಮಾಡಿ ಎಂದು ತಜ್ಞರು ಅಕ್ಕನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಟ್ಟ ಗೆರೆ ನ್ಯೂಟ್ರೋಫಿಲ್ 1,500, ಪ್ಲೇಟ್‌ಲೆಟ್ 1 ಲಕ್ಷ. ಎರಡೂ ಇನ್ನೂ ದೂರ. ಆದರೂ ತೀರ್ಮಾನ ನಮ್ಮದಲ್ಲ, ಅದೇ ರಾತ್ರಿ ಫೋಟೋ ಕಳಿಸಿದೆವು. ಅದೇ ಡೋಸ್ ಮುಂದುವರಿಯಲಿ, ಎರಡು ವಾರ ಬಿಟ್ಟು ಮತ್ತೆ ನೋಡೋಣ ಎಂದು ಉತ್ತರ ಬಂತು. ಮುಂದಿನ ಅಂಕಿ 4,100.

ಬಿ12 ವಿಟಮಿನ್ ಕಡಿಮೆಯಾದರೂ ಕಣ ದೊಡ್ಡದಾಗುತ್ತದೆ, ಹಾಗಾಗಿ ಎಂಸಿವಿ 104 ಆದಾಗ ಇನ್ನೊಬ್ಬ ಡಾಕ್ಟರು ಬಿ12 ಕೊರತೆ ಎಂದು ಇಂಜೆಕ್ಷನ್ ಬರೆಯಹೊರಟರು. ಅಷ್ಟು ಹೊತ್ತಿಗೆ ನೋಟ್‌ಬುಕ್ ಅಕ್ಕನ ಚೀಲದಲ್ಲೇ ಇರುತ್ತಿತ್ತು, ತೋರಿಸಿದರು, ಅಲ್ಲಿಗೆ ಮುಗಿಯಿತು.

ಹದಿಮೂರನೇ ತಿಂಗಳು, ಡೆಂಗೆ ಕಾಲ. ಅಕ್ಕನಿಗೆ ಜ್ವರ. ಬೇರೊಂದು ಕಡೆ ಮಾಡಿಸಿದ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ 38,000. ಮನೆಯಲ್ಲಿ ಅಳು. ಡೆಂಗೆಯೋ, ಕ್ಯಾಪ್ಸೂಲ್ ಮಜ್ಜೆಯನ್ನು ತಿಂದುಹಾಕಿತೋ ಎಂಬ ಗಾಬರಿ. ನಾನು ನೋಟ್‌ಬುಕ್ ತೆರೆದು ನೋಡಿದೆ. ಮೂರು ವಾರದ ಹಿಂದೆ 2.9 ಲಕ್ಷ. ಈಗ ಹಿಮೋಗ್ಲೋಬಿನ್, ಬಿಳಿ ಕಣ ಎರಡೂ ಹಾಗೇ ಇವೆ, ಪ್ಲೇಟ್‌ಲೆಟ್ ಒಂದೇ ನೆಲಕ್ಕೆ ಬಿದ್ದಿದೆ. ಔಷಧ ಮಜ್ಜೆಯನ್ನು ಅತಿಯಾಗಿ ಅದುಮಿದ್ದರೆ ಬಿಳಿ ಕಣವೂ ಇಳಿಯಬೇಕಿತ್ತು. ರಕ್ತ ಹೇಗೆ ತೆಗೆದರು ಎಂದು ಕೇಳಿದೆ. ನರ ಸಿಗದೆ ಮೂರು ಸಲ ಚುಚ್ಚಿದ್ದರಂತೆ, ತೊಟ್ಟು ತೊಟ್ಟಾಗಿ ಬಂದಿತ್ತಂತೆ. ಹಾಗೆ ನಿಧಾನಕ್ಕೆ ಬಂದ ರಕ್ತ, ನೇರಳೆ ಮುಚ್ಚಳದ ಟ್ಯೂಬಿನ ಔಷಧದ ಜೊತೆ ಬೆರೆಯುವ ಮುಂಚೆಯೇ ಸಣ್ಣಗೆ ಹೆಪ್ಪುಗಟ್ಟುತ್ತದೆ. ಪ್ಲೇಟ್‌ಲೆಟ್‌ಗಳೆಲ್ಲ ಆ ಹೆಪ್ಪಿನಲ್ಲಿ ಸಿಕ್ಕಿಕೊಳ್ಳುತ್ತವೆ, ಯಂತ್ರಕ್ಕೆ ಎಣಿಸಲು ಸಿಗುವುದಿಲ್ಲ.

ಅಕ್ಕನನ್ನು ಕೂರಿಸಿ, ಕೈಗೆ ಬಿಸಿನೀರಿನ ಬಟ್ಟೆ ಇಟ್ಟು, ಒಂದೇ ಚುಚ್ಚಿನಲ್ಲಿ ರಕ್ತ ತೆಗೆದೆ. ಟ್ಯೂಬನ್ನು ಎಂಟು ಸಲ ಮೆಲ್ಲಗೆ ಮೇಲೆ ಕೆಳಗೆ ಮಾಡಿದೆ. ಯಂತ್ರ 2.7 ಲಕ್ಷ ಎಂದಿತು. ಅದನ್ನೂ ನಂಬದೆ ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿ, ಬಣ್ಣ ಹಾಕಿ ಮೈಕ್ರೋಸ್ಕೋಪ್‌ನಲ್ಲಿ ನೋಡಿದೆ. ನೀಲಿ ನೇರಳೆ ಚುಕ್ಕಿಗಳು ಬಿಡಿಬಿಡಿಯಾಗಿ ಧಾರಾಳವಾಗಿದ್ದವು. ಡೆಂಗೆ ಪರೀಕ್ಷೆಯೂ ನೆಗೆಟಿವ್ ಬಂತು. ಆದರೂ ಜ್ವರವೆಂಬ ಕಾರಣಕ್ಕೆ ತಜ್ಞರಿಗೆ ತಿಳಿಸಿ, ಎರಡು ದಿನ ಬಿಟ್ಟು ಮತ್ತೊಮ್ಮೆ ಎಣಿಸಿದೆವು.

ಈಗ

ಹದಿನೆಂಟನೇ ತಿಂಗಳ ಸಾಲು: ಪಿಸಿವಿ 43, ಬಿಳಿ ಕಣ 5,100, ಪ್ಲೇಟ್‌ಲೆಟ್ 3.1 ಲಕ್ಷ, ಎಂಸಿವಿ 110. ಏಳು ತಿಂಗಳಿಂದ ರಕ್ತ ತೆಗೆಯುವ ಅಗತ್ಯ ಬಿದ್ದಿಲ್ಲ. ಕಣ್ಣಿನ ಕತ್ತಲೆ ಮತ್ತೆ ಬಂದಿಲ್ಲ, ಅಂಗಾಲು ಉರಿ ಹೋಗಿದೆ. ಪೊರೆಯ ಆಪರೇಷನ್ ತಜ್ಞರ ಒಪ್ಪಿಗೆಯ ಮೇಲೆ ಆಯಿತು. ಕೆರೆತ ಪೂರ್ತಿ ಹೋಗಿಲ್ಲ, ಅಂಕಿಗಳು ಸರಿಯಾದರೂ ಅದು ಉಳಿಯುವುದುಂಟು. ಈಗ ಉಗುರುಬೆಚ್ಚಗಿನ ನೀರಲ್ಲಿ ಬೇಗ ಸ್ನಾನ ಮುಗಿಸಿ ಒರೆಸದೆ ಬಟ್ಟೆ ಒತ್ತಿಕೊಳ್ಳುತ್ತಾರೆ. ಬೇಸಿನ್ ಕೆಲಸ ಬಿಟ್ಟು ಗೂಡು ಆರಿಸುವ ಕಡೆ ಕೂರುತ್ತಾರೆ. ಹಿಮ್ಮಡಿಯ ಮೇಲ್ಗಡೆ ಒಂದು ಕಪ್ಪು ಕಲೆ ಬಂದಿದೆ. ಹುಣ್ಣಾಗುತ್ತದೇನೋ ಎಂದು ಸೊಸೆ ಪ್ರತಿ ಭಾನುವಾರ ದೀಪದ ಬೆಳಕಲ್ಲಿ ನೋಡುತ್ತಾಳೆ.

ನಮ್ಮ ಲ್ಯಾಬ್‌ನಲ್ಲಿ ಎರಡು ಬದಲಾವಣೆ ಮಾಡಿಕೊಂಡೆವು. ಇಂಥ ದೀರ್ಘಕಾಲದ ರಕ್ತದ ಕಾಯಿಲೆ ಇರುವವರ ವರದಿಯ ತಲೆಯಲ್ಲೇ, ಅವರು ಒಪ್ಪಿದರೆ, ಕಾಯಿಲೆಯ ಹೆಸರು ಮತ್ತು ತಜ್ಞರು ಕೊಟ್ಟ ಗುರಿ ಮುದ್ರಿಸುತ್ತೇವೆ. ಹಿಂದಿನ ಮೂರು ವರದಿಗಳ ಅಂಕಿಗಳನ್ನೂ ಪಕ್ಕದಲ್ಲೇ ಕೊಡುತ್ತೇವೆ. ಅಕ್ಕನ ಹಾಳೆಯ ಮೇಲೆ ಇನ್ನೊಂದು ಸಾಲು ಇದೆ: ‘ಕಬ್ಬಿಣದ ಔಷಧ ಬರೆಯುವ ಮುಂಚೆ ರಕ್ತರೋಗ ತಜ್ಞರನ್ನು ಕೇಳಿ.’

ಅಕ್ಕನಿಗೆ ಓದು ಅಷ್ಟಾಗಿ ಬಾರದು, ಅಂಕಿ ಬರುತ್ತದೆ. ಮೂವತ್ತು ವರ್ಷ ನೂಲಿನ ತೂಕ ನೋಡಿದ ಕಣ್ಣು. ಕಳೆದ ತಿಂಗಳು ಕೌಂಟರ್‌ನ ಹುಡುಗಿ ಹಾಳೆ ಕೊಟ್ಟು, ಹಿಮೋಗ್ಲೋಬಿನ್ 13.9, ಎಲ್ಲ ನಾರ್ಮಲ್ ಅಜ್ಜಿ ಎಂದಳು. ಅಕ್ಕ ಅದನ್ನು ಕೇಳಿಸಿಕೊಂಡರು, ಬೆರಳನ್ನು ಮೂರನೇ ಸಾಲಿಗೆ ಜಾರಿಸಿದರು. ‘ಅದಿರ್ಲಮ್ಮ, ಪಿಸಿವಿ ಇದೇ ಅಲ್ವಾ? ನಲ್ವತ್ಮೂರು. ಹೋದ್ಸಲ ನಲ್ವತ್ತೆರಡಿತ್ತು’ ಎಂದು ಹೇಳಿ, ಕನ್ನಡಕ ಹಾಕಿಕೊಂಡು, ನಿಂತಲ್ಲೇ ನೋಟ್‌ಬುಕ್ಕಿಗೆ ಬರೆದುಕೊಂಡರು.